ಚರ್ಚ್ ಶಾಲೆಗಳ ಆಡಳಿತ ಮಂಡಳಿ: ದಾದರ್ ಮತ್ತು ಸುತ್ತಮುತ್ತ

ಕ್ರೈಸ್ತ ಧರ್ಮಪ್ರಾಂತ್ಯ, ಸಭೆ ಅಥವಾ ಸನ್ಯಾಸಿ ಸಂಘವೊಂದರ ಪರವಾಗಿ ಶಾಲೆಯ ಹಣ, ಆಸ್ತಿ, ನೇಮಕ, ಪ್ರವೇಶಗಳ ಹೊಣೆ ಹೊರುವ ಸಮಿತಿಯೇ ಚರ್ಚ್ ಶಾಲೆಯ ಆಡಳಿತ ಮಂಡಳಿ. ಸದಸ್ಯರಿಗೆ ಸಂಬಳವಿಲ್ಲ. ಮುಂಬಯಿಯ ದಾದರ್, ಮಾಹಿಂ, ಮಾಟುಂಗಾ ಭಾಗದಲ್ಲಿ ಇಂಥ ಶಾಲೆಗಳು ಹತ್ತಿರಹತ್ತಿರವೇ ಇವೆ. ಪ್ರವೇಶದ ಹೊತ್ತಿನಲ್ಲಿ ಅವುಗಳ ಗೇಟಿನ ಮುಂದೆ ನಿಲ್ಲುವ ತಾಯ್ತಂದೆಯರ ಕಣ್ಣಿಗೆ ಮಂಡಳಿಯ ಸದಸ್ಯನೆಂದರೆ ಭಾರಿ ಕುಳ. ಒಳಗೆ ಹೋಗಿ ನೋಡಿದರೆ ಆ ಕುರ್ಚಿಗೆ ಅಷ್ಟು ಅಧಿಕಾರವಿಲ್ಲ. ಚರ್ಚಿನ ಧರ್ಮಗುರು, ಧರ್ಮಪ್ರಾಂತ್ಯದ ಶಿಕ್ಷಣ ಮಂಡಳಿ, ಮುಖ್ಯೋಪಾಧ್ಯಾಯರು, ಸರ್ಕಾರದ ಶಿಕ್ಷಣ ಇಲಾಖೆ, ಈ ನಾಲ್ವರೂ ತಮ್ಮತಮ್ಮ ಪಾಲು ಹಿಡಿದ ಮೇಲೆ ಉಳಿಯುವ ಜಾಗವೇ ಶ್ರೀಸಾಮಾನ್ಯ ಸದಸ್ಯರದು, ಅಂದರೆ ಗುರುದೀಕ್ಷೆ ಇಲ್ಲದ ಸಾಮಾನ್ಯ ವಿಶ್ವಾಸಿಗಳದು. ಆದರೂ ಸ್ವತಂತ್ರ ಭಾರತದ ಶಿಕ್ಷಣ ಕಾನೂನಿನ ಹಲವು ದೊಡ್ಡ ತೀರ್ಪುಗಳು ಹುಟ್ಟಿದ್ದು ಆ ಮಂಡಳಿಯಲ್ಲಿ ಯಾರು ಕೂರಬೇಕು, ಕೂತವರು ಎಷ್ಟರಮಟ್ಟಿಗೆ ಸ್ವತಂತ್ರರು ಎಂಬ ಜಗಳದಿಂದಲೇ.

ನೆಲೆ

ದಾದರ್ ಪಶ್ಚಿಮದ ಗೋಖಲೆ ರಸ್ತೆಯಲ್ಲಿರುವ ರಕ್ಷಣಾಮಾತೆಯ ಚರ್ಚನ್ನು ಪೋರ್ತುಗೀಸರ ಕಾಲದಲ್ಲಿ, 1596ರಲ್ಲಿ, ಫ್ರಾನ್ಸಿಸ್ಕನ್ ಸನ್ಯಾಸಿಗಳು ಕಟ್ಟಿದರು. ಬಸ್ಸಿನವರಿಗೂ ಟ್ಯಾಕ್ಸಿಯವರಿಗೂ ಅದು ಇಂದಿಗೂ ಪೋರ್ತುಗೀಸ್ ಚರ್ಚ್. ಈಗಿರುವ ಕಟ್ಟಡ 1970ರ ದಶಕದ್ದು. ಅದರ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಪೋರ್ತುಗಲ್ಲಿನ ದೊರೆಯ ಪೋಷಣೆಯಲ್ಲಿದ್ದ ಗೋವಾದ ಆರ್ಚ್‌ಬಿಷಪ್ ಒಂದು ಕಡೆ, ರೋಮ್ ನೇರವಾಗಿ ಕಳಿಸಿದ ಬಿಷಪ್ ಇನ್ನೊಂದು ಕಡೆ: ಮುಂಬಯಿಯ ಕಥೊಲಿಕರು ಈ ಇಬ್ಬರ ನಡುವೆ ಹಂಚಿಹೋಗಿದ್ದರು. 1794ರಲ್ಲಿ ಬ್ರಿಟಿಷ್ ಆಡಳಿತ ದ್ವೀಪದ ಚರ್ಚುಗಳನ್ನು ಎರಡು ಪಾಲು ಮಾಡಿ ಕೊಟ್ಟಿತು. ದಾದರಿನ ಈ ಚರ್ಚು ಗೋವಾದ ಪಾಲಾಯಿತು, ಕೂಗಳತೆಯ ಮಾಹಿಂನ ಸಂತ ಮೈಕೆಲರ ಚರ್ಚು ರೋಮ್ ಕಳಿಸಿದ ಬಿಷಪರ ಪಾಲಿಗೆ ಹೋಯಿತು. ಈ ಇಬ್ಬಗೆಯ ಆಡಳಿತ ಕೊನೆಗೊಂಡಿದ್ದು 1928ರಲ್ಲಿ. ಅಷ್ಟು ವರ್ಷ ಎರಡೂ ಕಡೆಯವರು ಪೈಪೋಟಿಯ ಮೇಲೆ ಶಾಲೆ ತೆರೆದರು. ಒಂದೇ ಬೀದಿಯ ಆಸುಪಾಸಿನಲ್ಲಿ ಇಷ್ಟೊಂದು ಚರ್ಚ್ ಶಾಲೆಗಳು ಬೆಳೆದದ್ದಕ್ಕೆ ಈ ಜಗಳವೂ ಒಂದು ಕಾರಣ ಎಂದರೆ ತಪ್ಪಾಗದು.

19ನೇ ಶತಮಾನದಿಂದ ನಡೆದುಬಂದಿರುವ ಆಂಟೋನಿಯೊ ಡಿ ಸಿಲ್ವ ಹೈಸ್ಕೂಲ್ ದಾದರಿನ ಕಥೊಲಿಕ್ ಶಾಲೆಗಳಲ್ಲಿ ಹಳೆಯದು. ಮಾಹಿಂನ ಬಾಂಬೆ ಸ್ಕಾಟಿಷ್ ಶಾಲೆಯ ಮೂಲ 1847ರಲ್ಲಿ ಆರಂಭವಾದ ಅನಾಥಾಲಯ; ಅದನ್ನು ಕಟ್ಟಿದವರು ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರು. ಮಾಟುಂಗಾದ ಡಾನ್ ಬಾಸ್ಕೊ 1940ರ ದಶಕದ ಆರಂಭದಲ್ಲಿ ಸಲೇಶಿಯನ್ ಸಂಘ ಸ್ಥಾಪಿಸಿದ ಶಾಲೆ. ಮೂರು ಶಾಲೆಗಳಿಗೆ ಮೂರು ಬಗೆಯ ಯಜಮಾನಿಕೆ: ಮೊದಲನೆಯದು ಧರ್ಮಪ್ರಾಂತ್ಯದ್ದು, ಎರಡನೆಯದು ಸೊಸೈಟಿಯದು, ಮೂರನೆಯದು ಸನ್ಯಾಸಿ ಸಂಘದ್ದು. ಇದೇ ದಾದರಿನಲ್ಲಿ 1940ರಲ್ಲಿ ಶುರುವಾದ ಬಾಲಮೋಹನ ವಿದ್ಯಾಮಂದಿರದಂಥ ಮರಾಠಿ ಶಾಲೆಗಳೂ ಇದ್ದು, ಎರಡೂ ಬಗೆಯ ಶಾಲೆಗಳಿಗೆ ಮಕ್ಕಳು ಬರುವುದು ಅವೇ ಚಾಳು, ಅವೇ ಸೊಸೈಟಿ ಕಟ್ಟಡಗಳಿಂದ. ಬಹುಪಾಲು ಚರ್ಚ್ ಶಾಲೆಗಳಲ್ಲಿ ಕ್ರೈಸ್ತೇತರ ಮಕ್ಕಳೇ ಹೆಚ್ಚು. ಸಮುದಾಯದ ಹೆಸರಿನಲ್ಲಿ ಕೂತ ಮಂಡಳಿ ಬೇರೆಯವರ ಮಕ್ಕಳ ಶಾಲೆಯನ್ನು ನಡೆಸುತ್ತದೆ. ಮುಂದೆ ಬರುವ ಕಾನೂನಿನ ತೊಡಕುಗಳೆಲ್ಲ ಕವಲೊಡೆಯುವುದು ಇಲ್ಲಿಂದ.

ಮಂಡಳಿಗಳ ಹುಟ್ಟು

ಮುಂಬಯಿಯಲ್ಲಿ ಶಾಲೆ ನಡೆಸಲೆಂದೇ ಕೂಡಿಕೊಂಡ ಚರ್ಚ್ ಸಮಿತಿಗಳಲ್ಲಿ ಹಳೆಯದು ಬಾಂಬೆ ಎಜುಕೇಶನ್ ಸೊಸೈಟಿ. ಆಂಗ್ಲಿಕನ್ ಆರ್ಚ್‌ಡೀಕನ್ ಜಾರ್ಜ್ ಬಾರ್ನ್ಸ್ 1815ರಲ್ಲಿ ಅದನ್ನು ಸ್ಥಾಪಿಸಿದ್ದು ಯುರೋಪಿಯನ್ ಸಿಪಾಯಿಗಳ ಮತ್ತು ಬಡ ಬಿಳಿಯರ ಮಕ್ಕಳಿಗಾಗಿ. ಬೈಕುಲಾದ ಕ್ರೈಸ್ಟ್ ಚರ್ಚ್ ಶಾಲೆ ಮತ್ತು 1925ರಲ್ಲಿ ನಾಸಿಕದ ಬಳಿಯ ದೇವಳಾಲಿಯಲ್ಲಿ ತೆರೆದ ಬಾರ್ನ್ಸ್ ಶಾಲೆ ಅದರವೇ. ಕೋಟೆ ಭಾಗದಲ್ಲಿ ಕೆಥೆಡ್ರಲ್ ಶಾಲೆಯೂ ಸ್ಕಾಟರ ಜಾನ್ ಕಾನನ್ ಶಾಲೆಯೂ 1922ರಲ್ಲಿ ಒಂದಾಗಿ ಆಂಗ್ಲೊ ಸ್ಕಾಟಿಷ್ ಎಜುಕೇಶನ್ ಸೊಸೈಟಿಯ ಕೈಕೆಳಗೆ ಬಂದವು. ಎರಡು ಪಂಥದವರು ಒಂದೇ ಮಂಡಳಿಯಲ್ಲಿ ಕೂತದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಖರ್ಚು ತೂಗದೆ ಹೋದಾಗ ಪಂಥಭೇದ ಮೆತ್ತಗಾಗುವುದು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಮಂಡಳಿ ಎಂಬುದು ಕಡ್ಡಾಯವಾದದ್ದು 1854ರ ವುಡ್ಸ್ ಡಿಸ್ಪ್ಯಾಚ್ ನಂತರ. ಖಾಸಗಿ ಶಾಲೆಗೆ ಸರ್ಕಾರಿ ಅನುದಾನ ಕೊಡಬಹುದು, ಆದರೆ ಶಾಲೆಗೆ ಸರಿಯಾದ ಸ್ಥಳೀಯ ಆಡಳಿತವಿರಬೇಕು, ಇನ್‌ಸ್ಪೆಕ್ಟರ್ ಬಂದರೆ ಬಾಗಿಲು ತೆರೆಯಬೇಕು, ಮಕ್ಕಳಿಂದ ಚೂರಾದರೂ ಶುಲ್ಕ ಪಡೆಯಬೇಕು ಎಂದು ಅದು ಷರತ್ತು ಹಾಕಿತು. ಧಾರ್ಮಿಕ ಬೋಧನೆಯನ್ನು ಇನ್‌ಸ್ಪೆಕ್ಟರ್ ಕೇಳುವಂತಿರಲಿಲ್ಲ. ಅಲ್ಲಿಯವರೆಗೆ ಪಾದ್ರಿಯ ಮನೆ ವರಾಂಡದಲ್ಲಿ ನಡೆಯುತ್ತಿದ್ದ ಶಾಲೆಗೂ ಲೆಕ್ಕಪುಸ್ತಕ ಬಂತು, ಅದಕ್ಕೆ ರುಜು ಹಾಕುವವರೂ ಬಂದರು.

ಕರಾವಳಿಯಲ್ಲಿ ಇದೇ ಕೆಲಸ ಬಾಸೆಲ್ ಮಿಶನ್ನಿನಿಂದ ನಡೆಯಿತು. 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನ್ ಎರಡು ವರ್ಷದೊಳಗೆ ಕನ್ನಡ ಶಾಲೆ ತೆರೆಯಿತು. ಅದರ ಶಾಲೆಗಳ ಆಡಳಿತ ಜರ್ಮನ್ ಮತ್ತು ಸ್ವಿಸ್ ಮಿಶನರಿಗಳ ಕೈಯಲ್ಲೇ ಇತ್ತು. ಊರಿನ ಸಭೆಯವರಿಗೆ ಮೇಜಿನ ತಲೆಯ ಕಡೆ ಜಾಗವಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸರ್ಕಾರ ಜರ್ಮನರನ್ನು ಹಿಡಿದು ಶಿಬಿರಗಳಿಗೆ ಕಳಿಸಿದಾಗ ಶಾಲೆಗಳಿಗೆ ಯಜಮಾನರೇ ಇಲ್ಲದಂತಾಯಿತು. ದಕ್ಷಿಣ ಕನ್ನಡದ ಪ್ರಾಟೆಸ್ಟಂಟ್ ಸಭೆಗಳು ಶಾಲಾ ಆಡಳಿತ ಕಲಿತದ್ದು ಯಾರೋ ಕಲಿಸಿದ್ದರಿಂದಲ್ಲ, ಕಲಿಸುವವರು ದಿಢೀರನೆ ಕಾಣೆಯಾದದ್ದರಿಂದ.

ಕೀಲಿ ಯಾರ ಕೈಯಲ್ಲಿ

ಕಥೊಲಿಕ್ ಶಾಲೆಯ ಆಡಳಿತ ಎರಡು ಕಾನೂನುಗಳ ಕೆಳಗೆ ನಡೆಯುತ್ತದೆ. ಒಂದು ಚರ್ಚಿನದು. 1983ರ ಧರ್ಮಸಂಹಿತೆಯ 803ನೇ ವಿಧಿಯಂತೆ ಸಭೆಯ ಅಧಿಕೃತರು ನಡೆಸುವ ಅಥವಾ ಒಪ್ಪಿದ ಶಾಲೆ ಮಾತ್ರ ಕಥೊಲಿಕ್ ಶಾಲೆ; 806ನೇ ವಿಧಿಯಂತೆ ಬಿಷಪರು ಯಾವ ಕಥೊಲಿಕ್ ಶಾಲೆಯನ್ನಾದರೂ, ಸನ್ಯಾಸಿ ಸಂಘ ನಡೆಸುವುದನ್ನೂ ಸೇರಿಸಿ, ಪರಿಶೀಲಿಸಬಹುದು. ಮುಂಬಯಿ ಮಹಾಧರ್ಮಪ್ರಾಂತ್ಯದಲ್ಲಿ ಈ ಅಧಿಕಾರ ಆರ್ಚ್‌ಡಯೋಸಿಸನ್ ಬೋರ್ಡ್ ಆಫ್ ಎಜುಕೇಶನ್ ಮೂಲಕ ನಡೆಯುತ್ತದೆ. ನೂರಕ್ಕೂ ಹೆಚ್ಚು ಶಾಲೆಗಳು ಅದರ ಕೆಳಗಿವೆ. ಕಾರ್ಯದರ್ಶಿ ಒಬ್ಬ ಧರ್ಮಗುರು. ಚರ್ಚಿಗೆ ಸೇರಿದ ಶಾಲೆಯಲ್ಲಿ ಆ ಚರ್ಚಿನ ಪ್ರಧಾನ ಗುರುವೇ ಸಾಮಾನ್ಯವಾಗಿ ಮ್ಯಾನೇಜರ್. ಮಂಗಳೂರು, ಉಡುಪಿ ಕಡೆ ಇದೇ ಹುದ್ದೆಯಲ್ಲಿರುವವರು ಶಾಲಾ ಸಂಚಾಲಕರು; ಅಲ್ಲಿ ಧರ್ಮಪ್ರಾಂತ್ಯದ ಶಾಲೆಗಳನ್ನು ನೋಡಿಕೊಳ್ಳುವುದು ಕಥೊಲಿಕ್ ಶಿಕ್ಷಣ ಮಂಡಳಿ. ಫಾದರ್‌ಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತದೆ. ಹೊಸ ಫಾದರ್ ಬಂದಾಗ ಹಿಂದಿನವರು ಅರ್ಧ ಮಾತಾಡಿ ಬಿಟ್ಟ ಕಟ್ಟಡದ ಕೆಲಸ, ಬ್ಯಾಂಕಿನ ಸಹಿ, ಬಾಡಿಗೆದಾರರ ತಗಾದೆ ಇವುಗಳ ಎಳೆ ಹಿಡಿದಿರುವವರು ಬಹಳ ಸಲ ಆ ಶ್ರೀಸಾಮಾನ್ಯ ಸದಸ್ಯರೇ. ಅವರ ಅಧಿಕಾರಕ್ಕಿಂತ ಅವರ ನೆನಪು ಶಾಲೆಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಸರ್ಕಾರದ ಕಾನೂನು, ಇದು ಪದರ ಪದರ. ಸಂಸ್ಥೆ 1950ರ ಸಾರ್ವಜನಿಕ ಟ್ರಸ್ಟ್ ಕಾಯಿದೆಯಡಿ ನೋಂದಣಿಯಾಗಿರುತ್ತದೆ. ಟ್ರಸ್ಟಿ ಬದಲಾದರೆ ಚಾರಿಟಿ ಕಮಿಷನರ್ ಕಚೇರಿಗೆ ಬದಲಾವಣೆ ವರದಿ ಕೊಡಬೇಕು. ಜಾಗ ಮಾರಬೇಕಾದರೆ 36ನೇ ಕಲಮಿನ ಪ್ರಕಾರ ಕಮಿಷನರರ ಮುಂಗಡ ಒಪ್ಪಿಗೆ ಬೇಕು. ದಾದರಿನಲ್ಲಿ ಆಟದ ಮೈದಾನವೆಂದರೆ ಬಿಲ್ಡರನ ಕಣ್ಣಿಗೆ ಚಿನ್ನದ ತುಂಡು. ಈ ಒಂದು ಕಲಮು ಇಲ್ಲದಿದ್ದರೆ ನಗರದ ಎಷ್ಟು ಶಾಲೆಗಳ ಮೈದಾನ ಉಳಿಯುತ್ತಿತ್ತೋ ಹೇಳಲಾಗದು.

ಸಿಬ್ಬಂದಿಯ ವಿಷಯಕ್ಕೆ ಬಂದರೆ ಮಹಾರಾಷ್ಟ್ರದ 1977ರ ಖಾಸಗಿ ಶಾಲಾ ನೌಕರರ ಸೇವಾ ಷರತ್ತುಗಳ ಕಾಯಿದೆ ಮತ್ತು ಅದರ 1981ರ ನಿಯಮಗಳೇ ಮಂಡಳಿಯ ಪಾಲಿನ ಪಂಚಾಂಗ. ಪ್ರತಿ ಶಾಲೆಗೆ ಒಂದು ಶಾಲಾ ಸಮಿತಿ ಇರಬೇಕು: ಆಡಳಿತದ ಪ್ರತಿನಿಧಿಗಳು, ಕಾಯಂ ಶಿಕ್ಷಕರ ಒಬ್ಬ ಪ್ರತಿನಿಧಿ, ಕಾರ್ಯದರ್ಶಿಯಾಗಿ ಮುಖ್ಯೋಪಾಧ್ಯಾಯರು. ಚರ್ಚ್ ಶಾಲೆಯಂಥ ಅಲ್ಪಸಂಖ್ಯಾತ ಶಾಲೆಗೆ ಇದೇ ಕಾಯಿದೆಯ 3ನೇ ಕಲಮು ಒಂದು ರಿಯಾಯಿತಿ ಕೊಡುತ್ತದೆ. ಮುಖ್ಯೋಪಾಧ್ಯಾಯರನ್ನು, ಜತೆಗೆ ಹೆಚ್ಚೆಂದರೆ ಇನ್ನೂ ಮೂವರನ್ನು, ಮಂಡಳಿ ಹೆಸರು ಸೂಚಿಸಿ ತನ್ನ ಇಷ್ಟದಂತೆ ನೇಮಿಸಿಕೊಳ್ಳಬಹುದು. ಅವರ ನೇಮಕಕ್ಕೆ ಕಾಯಿದೆ ಅಡ್ಡ ಬರುವುದಿಲ್ಲ. ಹಿರಿತನದ ಪಟ್ಟಿಯಲ್ಲಿ ಮೇಲಿರುವ ಶಿಕ್ಷಕಿಯನ್ನು ದಾಟಿ ಸನ್ಯಾಸಿನಿಯೊಬ್ಬರು ಮುಖ್ಯೋಪಾಧ್ಯಾಯಿನಿಯಾಗುವುದು ಈ ದಾರಿಯಿಂದ. ಮೂವತ್ತು ವರ್ಷ ಪಾಠ ಹೇಳಿದ ಆ ಶಿಕ್ಷಕಿಯ ಮುಖ ನೋಡಿಕೊಂಡು ಠರಾವಿಗೆ ಕೈ ಎತ್ತುವುದು ಸದಸ್ಯರಿಗೆ ಸುಲಭದ ಕೆಲಸವಲ್ಲ. ಕಾನೂನು ಕೊಟ್ಟ ಹಕ್ಕನ್ನು ಪ್ರತಿ ಸಲವೂ ಬಳಸಲೇಬೇಕೆಂದಿಲ್ಲ ಎಂಬ ಮಾತನ್ನು ಮೇಜಿನ ಸುತ್ತ ಕೂತವರಲ್ಲಿ ಯಾರಾದರೂ ಆಡಬೇಕು. ಅದನ್ನು ಆಡಬಲ್ಲವರು ಶ್ರೀಸಾಮಾನ್ಯ ಸದಸ್ಯರು ಮಾತ್ರ.

ಸಭೆಯ ಮೇಜು

ಏಪ್ರಿಲ್ ತಿಂಗಳಿನ ಒಂದು ಸಭೆಯ ಅಜೆಂಡಾ ನೋಡಿದರೆ ಈ ಸೇವೆಯ ಸ್ವರೂಪ ತಿಳಿಯುತ್ತದೆ. ಹಿಂದಿನ ಸಭೆಯ ನಡಾವಳಿ ಓದಿ ರುಜು ಹಾಕುವುದು. ಮಳೆಗಾಲಕ್ಕೆ ಮುಂಚೆ ತಾರಸಿಗೆ ನೀರು ಸೋರದಂತೆ ಮಾಡಿಸಲು ಬಂದ ಮೂರು ಕೊಟೇಶನ್‌ಗಳು. ಕಡಿಮೆ ಬೆಲೆಯವನು ಹೋದ ವರ್ಷ ಅರ್ಧಕ್ಕೆ ಬಿಟ್ಟುಹೋದವನೇ ಆಗಿರುತ್ತಾನೆ. ಅನುದಾನಿತ ವಿಭಾಗದ ಸಂಚ್ ಮಾನ್ಯತೆ, ಅಂದರೆ ಮಕ್ಕಳ ಸಂಖ್ಯೆಗೆ ತಕ್ಕಂತೆ ಇಲಾಖೆ ಒಪ್ಪುವ ಶಿಕ್ಷಕರ ಹುದ್ದೆಗಳು. ಮಕ್ಕಳು ಕಡಿಮೆಯಾಗಿ ಒಂದು ಹುದ್ದೆ ಬಿದ್ದುಹೋದರೆ ಒಬ್ಬ ಶಿಕ್ಷಕರು ಹೆಚ್ಚುವರಿ ಎನ್ನಿಸಿಕೊಳ್ಳುತ್ತಾರೆ. ಮರಾಠಿ ಶಿಕ್ಷಕಿಯೊಬ್ಬರ ಪರೀಕ್ಷಾರ್ಥ ಅವಧಿ ಮುಗಿಯುತ್ತ ಬಂದಿದೆ. 1977ರ ಕಾಯಿದೆಯ 5ನೇ ಕಲಮಿನಂತೆ ಆ ಅವಧಿ ತುಂಬಿದರೆ ಅವರು ತಾವಾಗಿ ಕಾಯಂ. ಕೆಲಸ ತೃಪ್ತಿಕರವಲ್ಲ ಎಂದು ಹೇಳುವುದಿದ್ದರೆ ಅದಕ್ಕೆ ಮುಂಚೆ, ಬರಹದಲ್ಲಿ, ನೋಟೀಸು ಕೊಟ್ಟು ಹೇಳಬೇಕು. ಸಭೆ ಮುಂದೂಡಿದರೆ ತಾರೀಕು ಮುಂದೂಡುವುದಿಲ್ಲ.

ಕಾಯಂ ನೌಕರರನ್ನು ತೆಗೆಯಬೇಕಾದರೆ ಮೂವರ ವಿಚಾರಣಾ ಸಮಿತಿ ಕೂರಬೇಕು: ಆಡಳಿತದ ಒಬ್ಬರು, ನೌಕರ ತನ್ನ ಕಡೆಯಿಂದ ಹೆಸರಿಸಿದ ಒಬ್ಬರು, ರಾಜ್ಯ ಅಥವಾ ರಾಷ್ಟ್ರ ಪ್ರಶಸ್ತಿ ಪಡೆದ ಶಿಕ್ಷಕರ ಪಟ್ಟಿಯಿಂದ ಒಬ್ಬರು. ಆ ಮೊದಲ ಕುರ್ಚಿಗೆ ಮಂಡಳಿಯ ಸದಸ್ಯನೇ ಹೋಗಿ ಕೂರುತ್ತಾನೆ. ಬ್ಯಾಂಕಿನಿಂದ ನಿವೃತ್ತನಾದವನೋ ವಕೀಲನೋ ಆಗಿದ್ದರೆ ಈ ಕೆಲಸ ಅವನ ಕೊರಳಿಗೇ ಬೀಳುತ್ತದೆ. ನಿರ್ಧಾರದ ಮೇಲೆ ನೌಕರ ಮೂವತ್ತು ದಿನದೊಳಗೆ ಶಾಲಾ ನ್ಯಾಯಮಂಡಳಿಗೆ ಹೋಗಬಹುದು. ಅಲ್ಪಸಂಖ್ಯಾತ ಶಾಲೆ ಎಂಬ ಹಲಗೆ ಇಲ್ಲಿ ರಕ್ಷಣೆ ಕೊಡುವುದಿಲ್ಲ. ವಿಚಾರಣೆ ನೆಟ್ಟಗೆ ನಡೆಯದೆ ನೌಕರ ಗೆದ್ದರೆ ಹಿಂಬಾಕಿ ಸಂಬಳದ ಹೊರೆ ಶಾಲೆಯ ತಲೆಯ ಮೇಲೆ ಬೀಳಬಹುದು. ಒಳ್ಳೆಯ ಉದ್ದೇಶದ, ಕಾಗದ ಸರಿಯಿಲ್ಲದ ಮಂಡಳಿಗಳೇ ಇಂಥ ಪ್ರಕರಣಗಳಲ್ಲಿ ಹೆಚ್ಚು ಸೋಲುತ್ತವೆ.

ಶುಲ್ಕದ ಮಾತು ಬಂದರೆ ತಾಯ್ತಂದೆಯರೂ ಮೇಜಿಗೆ ಬರುತ್ತಾರೆ. ಮಹಾರಾಷ್ಟ್ರದ ಶುಲ್ಕ ನಿಯಂತ್ರಣ ಕಾಯಿದೆ 2011ರದು, ಜಾರಿಗೆ ಬಂದದ್ದು 2014ರಲ್ಲಿ. ಅದರ ಪ್ರಕಾರ ಪಾಲಕ ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಆಡಳಿತ ತನ್ನ ಶುಲ್ಕದ ಪ್ರಸ್ತಾವ ಇಡಬೇಕು. ಆ ಸಮಿತಿಗೆ ಪ್ರಾಂಶುಪಾಲರು ಅಧ್ಯಕ್ಷರು, ಉಪಾಧ್ಯಕ್ಷರು ಪಾಲಕರಲ್ಲೊಬ್ಬರು. ಪ್ರತಿ ತರಗತಿಯಿಂದ ಪಾಲಕ ಪ್ರತಿನಿಧಿ ಇರುತ್ತಾರೆ, ಅವರನ್ನು ಚೀಟಿ ಎತ್ತಿ ಆರಿಸುತ್ತಾರೆ. ಹೀಗೆ ಒಪ್ಪಿದ ಶುಲ್ಕ ಎರಡು ಶೈಕ್ಷಣಿಕ ವರ್ಷ ನಡೆಯಬೇಕು. ಪಾಲಕರಿಗೆ ಮಾತಾಡುವ ಹಕ್ಕು ಇರುವುದು ಈ ಸಮಿತಿಯಲ್ಲಿ. ಆಡಳಿತ ಮಂಡಳಿಯಲ್ಲಿ ಅವರಿಗೆ ಕುರ್ಚಿ ಇದ್ದರೆ ಅದು ಚರ್ಚಿನ ದೊಡ್ಡ ಮನಸ್ಸು.

ಮಕ್ಕಳ ಸುರಕ್ಷತೆಯ ಹೊಣೆ ಈಚಿನ ವರ್ಷಗಳಲ್ಲಿ ಬಹಳ ಬಿಗಿಯಾಗಿದೆ. 2012ರ ಪೋಕ್ಸೊ ಕಾಯಿದೆಯಂತೆ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ, ಸಂಸ್ಥೆಯ ಮುಖ್ಯಸ್ಥರಿಗೆ ಶಿಕ್ಷೆ ಇನ್ನೂ ಹೆಚ್ಚು. ಮಹಾರಾಷ್ಟ್ರ ಸರ್ಕಾರ 2022ರಲ್ಲಿ ಶಾಲೆಗಳಲ್ಲಿ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಸಖಿ ಸಾವಿತ್ರಿ ಸಮಿತಿ ರಚಿಸಲು ಆದೇಶಿಸಿತು. 2024ರ ಆಗಸ್ಟಿನಲ್ಲಿ ಬದಲಾಪುರದ ಶಾಲೆಯೊಂದರಲ್ಲಿ ಇಬ್ಬರು ಪುಟ್ಟ ಹುಡುಗಿಯರ ಮೇಲೆ ದೌರ್ಜನ್ಯವಾದದ್ದು ಬಯಲಾಗಿ ಜನ ರೈಲು ತಡೆದರು. ಅದಾದ ಮೇಲೆ ಸಿಸಿಟಿವಿ, ಸಿಬ್ಬಂದಿಯ ಹಿನ್ನೆಲೆ ತಪಾಸಣೆ, ಈ ಸಮಿತಿಗಳ ಲೆಕ್ಕ ಎಲ್ಲವನ್ನೂ ಇಲಾಖೆ ಕೇಳತೊಡಗಿತು. ಮಾತು ಹೊರಗೆ ಹೋಗಬಾರದು ಎಂಬ ಹಳೆಯ ಅಭ್ಯಾಸ ಎಲ್ಲ ಧರ್ಮದ ಶಾಲೆಗಳಲ್ಲೂ ಇದೆ. ಆ ಅಭ್ಯಾಸಕ್ಕೆ ಈಗ ಜೈಲಿನ ಭಯ ಸೇರಿರುವುದು ಒಳ್ಳೆಯದೇ ಆಯಿತು.

ನ್ಯಾಯಾಲಯದಲ್ಲಿ

ಸಂವಿಧಾನದ 30ನೇ ವಿಧಿ ಧರ್ಮ ಅಥವಾ ಭಾಷೆಯ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ನಡೆಸುವುದೆಂದರೆ ಎಲ್ಲಿಯವರೆಗೆ ಎಂಬುದನ್ನು ತೀರ್ಪುಗಳು ಒಂದೊಂದಾಗಿ ಬಿಡಿಸಿದವು.

ಅವುಗಳಲ್ಲಿ ಮೊದಲ ಸಾಲಿನದು ಮುಂಬಯಿಯದೇ. 1954ರ ಜನವರಿ 6ರಂದು ಅಂದಿನ ಮುಂಬಯಿ ಸರ್ಕಾರ ಒಂದು ಆದೇಶ ಹೊರಡಿಸಿತು: ಇಂಗ್ಲಿಷ್ ಮಾಧ್ಯಮದ ಶಾಲೆಗಳು ಇನ್ನು ಮುಂದೆ ಆಂಗ್ಲೊ ಇಂಡಿಯನ್ ಮತ್ತು ಏಷ್ಯೇತರ ಮೂಲದ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳಬೇಕು. ದೇಶಭಾಷೆಗಳನ್ನು, ಹಿಂದಿಯನ್ನು ಬೆಳೆಸುವುದು ಸರ್ಕಾರದ ಇರಾದೆ. ದೇವಳಾಲಿಯ ಬಾರ್ನ್ಸ್ ಶಾಲೆಯಲ್ಲಿ ಹಿಂದಿನ ಡಿಸೆಂಬರಿಗೆ 415 ಮಕ್ಕಳಿದ್ದು, ಅವರಲ್ಲಿ ಆಂಗ್ಲೊ ಇಂಡಿಯನ್ನರು 212. ಆದೇಶ ಪಾಲಿಸಿದರೆ ಅರ್ಧ ಶಾಲೆ ಕ್ರಮೇಣ ಖಾಲಿ. ಇಂಗ್ಲಿಷೇ ಮನೆಮಾತೆನ್ನುವ ಒಬ್ಬ ಭಾರತೀಯ ಕ್ರೈಸ್ತ ತಂದೆ, ಗುಜರಾತಿ ಮನೆಮಾತಿನ ಒಬ್ಬ ತಂದೆ ಮಕ್ಕಳನ್ನು ಕರೆದುಕೊಂಡು ಹೋದಾಗ ಶಾಲೆ ಆದೇಶ ತೋರಿಸಿ ಸೇರಿಸಿಕೊಳ್ಳಲಿಲ್ಲ. ಬಾಗಿಲು ಮುಚ್ಚಿಸಿಕೊಂಡ ತಂದೆಯರೂ ಬಾಗಿಲು ಮುಚ್ಚಬೇಕಾಗಿ ಬಂದ ಬಾಂಬೆ ಎಜುಕೇಶನ್ ಸೊಸೈಟಿಯೂ ಒಂದೇ ಕಡೆ ನಿಂತು ಸರ್ಕಾರದ ವಿರುದ್ಧ ಹೈಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಪೀಠದಲ್ಲಿ ಗೆದ್ದರು, ಮೇ 26ರಂದು ಸುಪ್ರೀಂ ಕೋರ್ಟಿನಲ್ಲೂ ಗೆದ್ದರು. ಅನುದಾನ ಪಡೆಯುವ ಶಾಲೆಯಲ್ಲಿ ಭಾಷೆಯ ಕಾರಣಕ್ಕೆ ಪ್ರಜೆಯೊಬ್ಬನಿಗೆ ಪ್ರವೇಶ ತಪ್ಪಿಸುವುದು 29ನೇ ವಿಧಿಗೆ ವಿರುದ್ಧ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಇನ್ನೂ ಸ್ವಾರಸ್ಯದ್ದು. ಆಂಗ್ಲೊ ಇಂಡಿಯನ್ ಶಾಲೆಗೆ ಅನುದಾನ ಸಿಗಬೇಕಾದರೆ ವಾರ್ಷಿಕ ಪ್ರವೇಶದಲ್ಲಿ ಕನಿಷ್ಠ ನೂರಕ್ಕೆ 40 ಸ್ಥಾನ ಬೇರೆ ಸಮುದಾಯದವರಿಗೆ ಇರಬೇಕೆಂದು 337ನೇ ವಿಧಿಯೇ ಹೇಳಿತ್ತು. ಸಂವಿಧಾನ ತೆರೆಯಿರಿ ಎಂದ ಬಾಗಿಲನ್ನು ಸರ್ಕಾರ ಮುಚ್ಚಿರಿ ಎಂದಿತ್ತು. ಮುಂಬಯಿಯ ಇಂಗ್ಲಿಷ್ ಶಾಲೆಗಳಲ್ಲಿ ಮುಂದೆ ಮಂಗಳೂರಿನ, ಉಡುಪಿಯ ಸಂಸಾರಗಳ ಮಕ್ಕಳು ಸಲೀಸಾಗಿ ಸೇರಿದ್ದಕ್ಕೆ ಈ ತೀರ್ಪಿನ ಋಣವೂ ಇದೆ.

1955ರಲ್ಲಿ ಅದೇ ಮುಂಬಯಿ ಸರ್ಕಾರ ಖಾಸಗಿ ಶಿಕ್ಷಕ ತರಬೇತಿ ಕಾಲೇಜುಗಳ ನೂರಕ್ಕೆ 80 ಸ್ಥಾನಗಳನ್ನು ತಾನು ಕಳಿಸುವವರಿಗೆ ಇಡಬೇಕೆಂದಿತು. ಗುಜರಾತಿನ ಪ್ರೆಸ್ಬಿಟೇರಿಯನ್ ಮಂಡಳಿಯೊಂದರ ಸದಸ್ಯರು ಇದನ್ನು ಪ್ರಶ್ನಿಸಿದರು. 1962ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ತಳ್ಳಿಹಾಕಿತು: ನಿಯಮ ಶಾಲೆಯ ಗುಣಮಟ್ಟಕ್ಕಾಗಿ ಇರಬಹುದು, ಅದರ ಅಲ್ಪಸಂಖ್ಯಾತ ಸ್ವರೂಪವನ್ನು ಅಳಿಸುವಂತಿರಬಾರದು. ಮಂಡಳಿಯ ರಚನೆಯ ಪ್ರಶ್ನೆ ನೇರವಾಗಿ ಬಂದದ್ದು 1970ರ ಕೇರಳದ ಮದರ್ ಪ್ರೊವಿನ್ಶಿಯಲ್ ಪ್ರಕರಣದಲ್ಲಿ. ಕೇರಳದ ವಿಶ್ವವಿದ್ಯಾಲಯ ಕಾಯಿದೆ ಖಾಸಗಿ ಕಾಲೇಜುಗಳ ಆಡಳಿತ ಮಂಡಳಿಯಲ್ಲಿ ಸರ್ಕಾರದ, ವಿಶ್ವವಿದ್ಯಾಲಯದ ನಾಮಕರಣ ಸದಸ್ಯರನ್ನು ಕೂರಿಸಿ ಅದಕ್ಕೇ ಆಡಳಿತ ಒಪ್ಪಿಸಲು ಹೊರಟಿತ್ತು. ಸ್ಥಾಪಿಸಿದವರ ಕೈಯಿಂದ ಆಡಳಿತ ಕಿತ್ತು ಬೇರೊಂದು ಸಂಸ್ಥೆಗೆ ಕೊಡುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. 1974ರಲ್ಲಿ ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಇದನ್ನು ಗಟ್ಟಿಗೊಳಿಸುತ್ತ, ಆಡಳಿತದ ಹಕ್ಕೆಂದರೆ ಕೆಟ್ಟ ಆಡಳಿತದ ಹಕ್ಕಲ್ಲ ಎಂಬ ಹಳೆಯ ಎಚ್ಚರಿಕೆಯನ್ನೂ ಉಳಿಸಿಕೊಂಡಿತು.

2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳು ಕೊಟ್ಟ ತೀರ್ಪಿಗೆ ಕಾರಣವಾದದ್ದು ನಮ್ಮ ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನ. ಕೊಂಕಣಿ ಮಾತಾಡುವ ತಾವು ಕರ್ನಾಟಕದಲ್ಲಿ ಭಾಷಾ ಅಲ್ಪಸಂಖ್ಯಾತರು ಎಂಬುದು ಅದರ ವಾದವಾಗಿತ್ತು. ಧರ್ಮವಿರಲಿ, ಭಾಷೆಯಿರಲಿ, ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನೋಡಬೇಕು ಎಂದು ನ್ಯಾಯಾಲಯ ನಿರ್ಧರಿಸಿತು. ಅನುದಾನ ಪಡೆಯುವ ಶಾಲೆಯ ಮೇಲೆ ಸರ್ಕಾರದ ಹಿಡಿತ ಹೆಚ್ಚಿರಬಹುದು, ಅನುದಾನರಹಿತ ಶಾಲೆಗೆ ಹೆಚ್ಚು ಸ್ವಾತಂತ್ರ್ಯ ಎಂಬ ಗೆರೆಯೂ ಆಗಲೇ ಎಳೆಯಲ್ಪಟ್ಟಿತು.

ಕನ್ನಡಿಗರ ಪಾಲು

ಆ ತೀರ್ಪಿನ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡಿಗರೂ ಅಲ್ಪಸಂಖ್ಯಾತರೇ. ದಾದರಿನಿಂದ ಕೊಂಚ ದೂರದ ವಡಾಲದಲ್ಲಿ 1939ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಮಂಡಳಿಯೂ ಪೋರ್ತುಗೀಸ್ ಚರ್ಚಿನ ಬಳಿಯ ಶಾಲೆಯ ಮಂಡಳಿಯೂ ನಿಂತಿರುವುದು ಅದೇ 30ನೇ ವಿಧಿಯ ನೆರಳಲ್ಲಿ. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಮುಂಬಯಿಯಲ್ಲಿ ನಡೆದ ಕನ್ನಡ ರಾತ್ರಿಶಾಲೆಗಳ ಸಮಿತಿಗಳಿಗೆ ಬಿಷಪರಿರಲಿಲ್ಲ, ಆಸ್ತಿಯೂ ಅಷ್ಟಕ್ಕಷ್ಟೆ. ದಾನಿಗಳು, ಹಳೆವಿದ್ಯಾರ್ಥಿಗಳು, ಜಾತಿ ಸಂಘಗಳು ಅವುಗಳ ಆಧಾರ. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಚರ್ಚ್ ಶಾಲೆಯ ಬಲ ಎಲ್ಲಿದೆ ಎಂಬುದು ಕಾಣುತ್ತದೆ. ಕನ್ನಡ ಶಾಲೆಯ ಸಮಿತಿಯವರಿಗೆ ಮತದಾನವಿತ್ತು, ಚುನಾವಣೆಯ ಜಗಳವಿತ್ತು, ಆದರೆ ಮಕ್ಕಳ ಸಂಖ್ಯೆ ಇಳಿದಾಗ ಬೆನ್ನ ಹಿಂದೆ ನಿಲ್ಲುವ ದೊಡ್ಡ ಸಂಸ್ಥೆ ಇರಲಿಲ್ಲ. ಚರ್ಚ್ ಶಾಲೆಯವರಿಗೆ ಆ ಆಸರೆ ಇತ್ತು, ಚುನಾವಣೆ ಇರಲಿಲ್ಲ.

ದಾದರ್, ಮಾಹಿಂ, ಬಾಂದ್ರಾದ ಚರ್ಚುಗಳಿಗೆ ಮಂಗಳೂರು ಕಡೆಯ ಕಥೊಲಿಕರು ಬಂದದ್ದು ಹೆಚ್ಚಾಗಿ 20ನೇ ಶತಮಾನದಲ್ಲಿ, ಗುಮಾಸ್ತರಾಗಿ, ನರ್ಸುಗಳಾಗಿ, ಶಿಕ್ಷಕಿಯರಾಗಿ. ಮನೆಯಲ್ಲಿ ಕೊಂಕಣಿ, ಓದಲು ಕನ್ನಡ ಲಿಪಿ. ಮುಂಬಯಿಯಿಂದಲೇ ಹೊರಟ ‘ದಿವೊ’ದಂಥ ಕನ್ನಡ ಲಿಪಿಯ ಕೊಂಕಣಿ ವಾರಪತ್ರಿಕೆ ಇವರಿಗಾಗಿ. ಚರ್ಚಿನ ಹಳೆಯ ಕುಟುಂಬಗಳು ಈಸ್ಟ್ ಇಂಡಿಯನ್ನರದು, ಅಂದರೆ ಮುಂಬಯಿ ನೆಲದ ಮೂಲ ಕಥೊಲಿಕರದು, ಆಮೇಲೆ ಬಂದವರು ಗೋವಾದವರು. ಲೆಕ್ಕಪತ್ರ ಬಲ್ಲ ಮಂಗಳೂರಿನವರು ಪಾಲನಾ ಮಂಡಳಿ, ಹಣಕಾಸು ಸಮಿತಿಗಳ ಮೂಲಕ ಶಾಲೆಯ ವಿಷಯಕ್ಕೆ ಬಂದರು. ಪ್ರತಿ ಚರ್ಚಿಗೂ ಹಣಕಾಸು ಸಮಿತಿ ಇರಲೇಬೇಕೆಂದು 1983ರ ಸಂಹಿತೆಯ 537ನೇ ವಿಧಿ ಹೇಳಿದ್ದು ಇವರಿಗೆ ಅನುಕೂಲವೇ ಆಯಿತು.

ಕಾಸರಗೋಡಿನಲ್ಲಿ ಚಿತ್ರ ಬೇರೆ. ಜಿಲ್ಲೆ ಕೇರಳಕ್ಕೆ ಸೇರಿದರೂ ಅಲ್ಲಿನ ಕನ್ನಡ ಮಾತಿನ ಭಾಗದ ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಕೇರಳದ ಶಿಕ್ಷಣ ಕಾಯಿದೆ 1958ರದು, ಅದರ ನಿಯಮಗಳು 1959ರವು. ಅವುಗಳಂತೆ ಅನುದಾನಿತ ಶಾಲೆಗೆ ಇಲಾಖೆ ಒಪ್ಪಿದ ಒಬ್ಬ ಮ್ಯಾನೇಜರ್ ಇರಬೇಕು. ನೇಮಕಾತಿ ಆದೇಶಕ್ಕೆ ಸಹಿ ಅವರದೇ, ತಪ್ಪಾದರೆ ಉತ್ತರ ಹೇಳುವವರೂ ಅವರೇ. ಮಂಗಳೂರಿನ ಬಿಷಪರ ಕೈಕೆಳಗಿನ ಕನ್ನಡ ಗುರು ತಿರುವನಂತಪುರದ ಮಲೆಯಾಳ ಆದೇಶಗಳನ್ನು ಓದಿ ಕನ್ನಡ ಮಾಧ್ಯಮದ ಶಾಲೆ ನಡೆಸುತ್ತಾರೆ. ಭಾಷೆಯಲ್ಲೂ ಧರ್ಮದಲ್ಲೂ ಎರಡು ಬಾರಿ ಅಲ್ಪಸಂಖ್ಯಾತರಾದವರ ಆಡಳಿತ ಹೇಗಿರುತ್ತದೆಂದು ನೋಡಬೇಕಾದರೆ ಅಲ್ಲಿಗೆ ಹೋಗಬೇಕು.

ಧರ್ಮಬೋಧೆ

ಚರ್ಚ್ ಶಾಲೆಯೆಂದರೆ ಮತಾಂತರದ ಶಾಲೆ ಎಂಬ ಗುಮಾನಿ ಹೊರಗೆ ಇದ್ದೇ ಇದೆ. ಸಂವಿಧಾನದ 28ನೇ ವಿಧಿಯಂತೆ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಮಗುವಿನ ತಾಯ್ತಂದೆಯರು ಒಪ್ಪದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಆದ್ದರಿಂದ ವೇಳಾಪಟ್ಟಿಯಲ್ಲಿ ಕಥೊಲಿಕ್ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ಮೌಲ್ಯ ಶಿಕ್ಷಣ ಎಂಬ ಎರಡು ಸಾಲು ಇರುತ್ತದೆ. 2024ರ ಏಪ್ರಿಲಿನಲ್ಲಿ ಭಾರತದ ಕಥೊಲಿಕ್ ಬಿಷಪರ ಒಕ್ಕೂಟ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕಳಿಸಿತು: ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬಾರದು, ಬೆಳಗಿನ ಸಭೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕು, ಎಲ್ಲ ಧರ್ಮದವರಿಗೂ ಆಗುವ ಪ್ರಾರ್ಥನಾ ಕೋಣೆ ಇಡಬೇಕು. ಬಂದ ಸುತ್ತೋಲೆಯನ್ನು ಶಾಲೆಯ ನಿತ್ಯದ ನಡೆಗೆ ಇಳಿಸುವುದು ಮಂಡಳಿಯ ಕೆಲಸ. ಬೆಳಗಿನ ಪ್ರಾರ್ಥನೆಯ ಒಂದು ಸಾಲು ಬದಲಿಸಲು ತಾಸುಗಟ್ಟಲೆ ಚರ್ಚೆಯಾಗಬಹುದು.

ಇಂಗ್ಲೆಂಡಿನ ಮಾದರಿ

ಇಂಗ್ಲೆಂಡಿನಲ್ಲಿ ಈ ವ್ಯವಸ್ಥೆ ಅಚ್ಚುಕಟ್ಟಾಗಿದೆ. 1944ರ ಶಿಕ್ಷಣ ಕಾಯಿದೆ ಚರ್ಚ್ ಶಾಲೆಗಳನ್ನು ಮುಖ್ಯವಾಗಿ ಎರಡು ಗುಂಪು ಮಾಡಿತು. ಒಂದರಲ್ಲಿ ಚರ್ಚು ನೇಮಿಸಿದ ಗವರ್ನರುಗಳೇ ಮಂಡಳಿಯಲ್ಲಿ ಉಳಿದವರಿಗಿಂತ ಹೆಚ್ಚು. ಅದಕ್ಕೆ ತಕ್ಕಂತೆ ಕಟ್ಟಡದ ಖರ್ಚಿನಲ್ಲಿ ಒಂದು ಪಾಲು ಚರ್ಚಿನದು, ಈಗ ಅದು ನೂರಕ್ಕೆ 10. ಇನ್ನೊಂದರಲ್ಲಿ ಚರ್ಚಿನವರು ಕಡಿಮೆ, ಖರ್ಚು ಪೂರ್ತಿ ಸರ್ಕಾರದ್ದು. ಎರಡರಲ್ಲೂ ಪಾಲಕರು ಆರಿಸಿ ಕಳಿಸಿದ ಗವರ್ನರುಗಳೂ ಸಿಬ್ಬಂದಿಯ ಪ್ರತಿನಿಧಿಯೂ ಕಾನೂನಿನ ಪ್ರಕಾರವೇ ಕೂರುತ್ತಾರೆ. ಎಷ್ಟು ಹಣ ಹಾಕುತ್ತೀರೋ ಅಷ್ಟು ಕುರ್ಚಿ ಎಂಬ ಈ ಲೆಕ್ಕ ಭಾರತದಲ್ಲಿಲ್ಲ. ಇಲ್ಲಿ ಅನುದಾನಿತ ಶಾಲೆಯ ಶಿಕ್ಷಕರ ಸಂಬಳ ಪೂರ್ತಿ ಸರ್ಕಾರ ಕೊಟ್ಟರೂ ಮಂಡಳಿ ಸ್ಥಾಪಕರದೇ.

ಈಗಿನ ಸ್ಥಿತಿ

ಪಾಲಕರನ್ನು ಕಾನೂನಿನ ಮೂಲಕ ಮೇಜಿಗೆ ತರುವ ದೊಡ್ಡ ಪ್ರಯತ್ನ ನಡೆದದ್ದು 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ. ಅದರ 21ನೇ ಕಲಮು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರುವ, ಅರ್ಧ ಹೆಂಗಸರಿರುವ ಶಾಲಾ ನಿರ್ವಹಣಾ ಸಮಿತಿ ಕೇಳಿತು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಕಂಡವರಿಗೆ ಇದು ಹೊಸತಲ್ಲ. ಚರ್ಚ್ ಶಾಲೆಗಳವರು ತಮ್ಮ ಹಕ್ಕು ಹೋಯಿತೆಂದು ದೂರಿದ ಮೇಲೆ 2012ರ ತಿದ್ದುಪಡಿ ಅಲ್ಪಸಂಖ್ಯಾತ ಅನುದಾನಿತ ಶಾಲೆಗಳಲ್ಲಿ ಆ ಸಮಿತಿಗೆ ಸಲಹೆ ಕೊಡುವ ಕೆಲಸ ಮಾತ್ರ ಉಳಿಸಿತು. 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ಕಾಯಿದೆ ಅನುದಾನಿತವಾಗಲಿ ಅನುದಾನರಹಿತವಾಗಲಿ ಅಲ್ಪಸಂಖ್ಯಾತ ಶಾಲೆಗೆ ಅನ್ವಯಿಸುವುದೇ ಇಲ್ಲ ಎಂದಿತು. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮಾಧ್ಯಮ ಕಡ್ಡಾಯ ಮಾಡಿದ ಕರ್ನಾಟಕದ ಆದೇಶವನ್ನು ತಳ್ಳಿಹಾಕಿದ ತೀರ್ಪೂ ಅದೇ ದಿನದ್ದು, ಅದೇ ಪೀಠದ್ದು. ನಮ್ಮ ಪತ್ರಿಕೆಗಳು ಎರಡನೆಯದರ ಬಗ್ಗೆ ಬರೆದಷ್ಟು ಮೊದಲನೆಯದರ ಬಗ್ಗೆ ಬರೆಯಲಿಲ್ಲ.

ಪ್ರಮತಿ ತೀರ್ಪಿನ ನಂತರ ಬಡ ಮಕ್ಕಳಿಗೆ ನೂರಕ್ಕೆ 25 ಸ್ಥಾನ ಬಿಡುವ ನಿಯಮದಿಂದಲೂ ಈ ಶಾಲೆಗಳು ಹೊರಗುಳಿದವು. ಬಡವರಿಗೆಂದೇ ಹುಟ್ಟಿದ ಶಾಲೆಗಳು ಬಡವರ ಪಾಲಿನಿಂದ ವಿನಾಯಿತಿ ಕೇಳಬೇಕೇ ಎಂಬ ಪ್ರಶ್ನೆಯನ್ನು ಕ್ರೈಸ್ತರಲ್ಲೇ ಹಲವರು ಎತ್ತಿದ್ದಾರೆ, ಅದು ನ್ಯಾಯವಾದ ಪ್ರಶ್ನೆ. 2025ರ ಸೆಪ್ಟೆಂಬರ್ 1ರಂದು ಮಹಾರಾಷ್ಟ್ರದಿಂದ ಹೋದ ಅಂಜುಮನ್ ಇಶಾತ್ ಎ ತಾಲೀಮ್ ಟ್ರಸ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಪ್ರಮತಿ ತೀರ್ಪು ಸರಿಯೇ ಎಂದು ಶಂಕಿಸಿ, ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಲು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಹಳೆಯ ತೀರ್ಪು ಬಿದ್ದರೆ ದಾದರಿನ ಅನುದಾನಿತ ಚರ್ಚ್ ಶಾಲೆಗಳಲ್ಲಿ ಪಾಲಕರೇ ಹೆಚ್ಚಿರುವ ಸಮಿತಿ ಮತ್ತೆ ಕೂರಬೇಕಾಗಬಹುದು, 2012ರ ತಿದ್ದುಪಡಿ ಉಳಿದಿರುವಷ್ಟು ಕಾಲ ಬರೀ ಸಲಹೆಗಾಗಿ. ಅನುದಾನರಹಿತ ಶಾಲೆಗಳು ಒಂದನೇ ತರಗತಿಯ ಪ್ರತಿ ನಾಲ್ಕು ಸ್ಥಾನದಲ್ಲಿ ಒಂದನ್ನು ನೆರೆಯ ಬಡ ಮಕ್ಕಳಿಗೆ ಬಿಡಬೇಕಾಗಬಹುದು.